ಕೈಯಿಲ್ಲದ ಕುರ್ಚಿ

ದೇಶದ ಮುಂದಿನ ಐವತ್ತು ವರ್ಷಗಳ ಆರ್ಥಿಕ ಭದ್ರತೆ ಒಂದೇ ಒಂದು ಪ್ರಶ್ನೆಯ ಮೇಲೆ ನಿಂತಿತ್ತು: ಕುರ್ಚಿಗೆ ಕೈ ಇರಬೇಕೋ, ಬೇಡವೋ? ಇದಕ್ಕಾಗಿ ದೊಡ್ಡವರ ಸಮಿತಿ ಹಲವು ಸಲ ಸೇರಿ ಊಟ ಮಾಡಿತ್ತು. ಕೊನೆಗೆ ಕೈ ಬೇಡವೆಂದಾಯಿತು. ಅಂಥ ಕುರ್ಚಿಯಿಂದ ಆಸರೆಯಿಲ್ಲದೆ ಎದ್ದು ನಿಂತ ಮುದುಕ ಮುದುಕಿಯರು ಗಟ್ಟಿ. ಅವರ ಪಿಂಚಣಿ ಐದು ವರ್ಷ ಮುಂದಕ್ಕೆ. ಏಳಲಾಗದವರಿಗೆ ಈ ತಿಂಗಳಿಂದಲೇ.

ಇಟ್ಟಿಗೆ, ಗಾರೆ ಹೊತ್ತು ಸವೆದ ನಾವು ಪಿಂಚಣಿ ಕಚೇರಿಯ ಗೋಡೆಗೆ ಅಂಟಿಕೊಂಡು ಸಾಲಾಗಿ ನಿಂತಿದ್ದೆವು. ಆ ಗೋಡೆ ಎಬ್ಬಿಸಿದ್ದೂ ನಾವೇ. ಸ್ವಲ್ಪ ಸೊಟ್ಟಗಿದೆ.

"ನಿಧಿ ಬರಿದಾಗ್ತಿದೆ ಕಣ್ರೋ," ಎಂದ ಸಾಹೇಬ. "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳೀಬೇಕಲ್ಲ?"

"ಐದು ವರ್ಷ ನಾವೇ ಉಳೀದಿದ್ರೆ ಸಾರ್?" ಎಂದು ಸಾಲಿನಿಂದ ಒಬ್ಬ ಕೇಳಿದ.

"ಹಾಗಾದ್ರೇನೇ ಲೆಕ್ಕ ಸರಿಹೋಗೋದು."

ಮೊದಲು ಕೂತವಳು ಅತ್ತಿಗೆ. ಸಾಲಿನಲ್ಲಿ ಅವಳ ಬೆನ್ನಿಗೇ ನಾದಿನಿ. ಗಂಡಸರು ತೀರಿಹೋದ ಮೇಲೂ ಜೊತೆಗೇ ದುಡಿದ ಅವರನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ.

"ಎದ್ದುಗಿದ್ದೀಯ ಮತ್ತೆ," ಎಂದು ನಾದಿನಿ ಪಿಸುಗುಟ್ಟಿದಳು. "ಅರ್ಧ ಎದ್ದು ಕುಸಿದುಬಿಡು."

"ಅದಕ್ಕೆ ನಾಟಕ ಬೇರೆ ಕೇಡು. ಮಂಡಿ ತಾನೇ ನೋಡ್ಕೊಳ್ಳುತ್ತೆ ಬಿಡೇ."

ನಿಜವೇ. ಬೆಳಗ್ಗೆ ಚಾಪೆ ಬಿಡಬೇಕಾದರೆ ಅತ್ತಿಗೆ ಬಾಗಿಲ ಚೌಕಟ್ಟು ಹಿಡಿಯುತ್ತಿದ್ದಳು. ಆದರೆ ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಮುಂಜಾನೆ ಬೀದಿ ಮೂಲೆಯಲ್ಲಿ ಆಳು ಆರಿಸುವ ಮೇಸ್ತ್ರಿ ಪೆನ್ಸಿಲನ್ನು ನಮ್ಮತ್ತ ಚಾಚಿ "ಆಗುತ್ತಾ?" ಅನ್ನುತ್ತಾನೆ. ಜ್ವರವಿರಲಿ, ಬಸಿರಿರಲಿ, ನೆಟ್ಟಗೆ ನಿಂತು "ಆಗುತ್ತೆ" ಅನ್ನಬೇಕು. ತಡವರಿಸಿದವಳ ಒಲೆ ಅವತ್ತು ಉರಿಯುವುದಿಲ್ಲ.

ಸಾಹೇಬ ಆಕಳಿಸಿ ಪೆನ್ನನ್ನು ಅತ್ತಿಗೆಯತ್ತ ಚಾಚಿದ. "ಏಯ್ ಮುದುಕಿ, ಆಗುತ್ತಾ?"

"ಆಗುತ್ತೆ ಸಾರ್!"

ಅತ್ತಿಗೆ ಎದ್ದು ನಿಂತಿದ್ದಳು. ಅವಳ ಮಂಡಿ ಲಟಕ್ಕೆಂದದ್ದು ಸಾಲಿನ ಕೊನೆಗೂ ಕೇಳಿಸಿತು.

"ಭೇಷ್! ಬರ್ಕೊಳ್ರಿ, ಗಟ್ಟಿ."

"ಅಯ್ಯೋ, ಇಲ್ಲ ಸಾರ್... ಬಾಯಿಗೆ ಬಂದ್ಬಿಡ್ತು..." ಎನ್ನುತ್ತಲೇ ಅತ್ತಿಗೆ ನೆಲಕ್ಕೆ ಕುಸಿದಳು.

"ಎದ್ದಮೇಲೆ ಬಿದ್ದದ್ದು ಪರೀಕ್ಷೆಗೆ ಸೇರಲ್ಲ. ಪಕ್ಕಕ್ಕೆ ಎಳೀರಿ. ಮುಂದಿನೋಳು!"

ನಾದಿನಿ ಕುರ್ಚಿಯಲ್ಲಿ ಕೂತಳು.

"ಏಳು."

"ಏಳಲ್ಲ."

"ಆಗಲ್ವೋ, ಏಳಲ್ವೋ?"

"ನಮ್ಮತ್ತಿಗೆ ಹೆಸರಿನ ಮುಂದಿನ ಗಟ್ಟಿ ಹೊಡೆದುಹಾಕು. ಅಲ್ಲೀತನಕ ಏಳಲ್ಲ."

ನಿಯಮದ ಅಳತೆಯ ಕುರ್ಚಿ ಇದ್ದದ್ದು ಅದೊಂದೇ. ಸಾಲು ನಿಂತುಹೋಯಿತು. ಸಾಹೇಬನ ಚಹಾ ಆರಿತು. ಅವನು ಕಾವಲುಗಾರನತ್ತ ಹುಬ್ಬು ಹಾರಿಸಿದ. ಕಾವಲುಗಾರ ನಮ್ಮದೇ ವಯಸ್ಸಿನವ. ಅವನ ಪರೀಕ್ಷೆ ಮುಂದಿನ ವಾರ. "ತಪ್ಪು ತಿಳೀಬೇಡ ತಾಯಿ," ಎಂದು ಕುರ್ಚಿಯನ್ನು ಹಿಂದಿನಿಂದ ಎತ್ತಿ ಬಗ್ಗಿಸಿದ. ನಾದಿನಿ ಮುಂದಕ್ಕೆ ಮುಗ್ಗರಿಸಿ, ತೂರಾಡಿ, ಮೇಜಿನ ಎದುರು ಕಾಲೂರಿದಳು.

"ನಿಂತಳು," ಎಂದ ಸಾಹೇಬ. "ಗಟ್ಟಿ."

ನಾದಿನಿ ತಲೆಬಟ್ಟೆ ಬಿಚ್ಚಿ, ಸುತ್ತಿ, ಸಿಂಬಿ ಮಾಡಿ ನೆತ್ತಿಯ ಮೇಲಿಟ್ಟುಕೊಂಡಳು. ಕುರ್ಚಿ ಎತ್ತಿ ಅದರ ಮೇಲೆ ಹೊತ್ತಳು.

"ಏಯ್! ಸರ್ಕಾರಿ ಕುರ್ಚಿ ಕಣೇ ಮುಂಡೆ!"

"ಗಟ್ಟಿ ಅಂತ ನೀನೇ ಬರೆಸಿದ್ಯಲ್ಲೋ ಬೋಳಿಮಗನೆ. ಹೊರಬೇಡ್ವಾ?"

ಸಾಲು ದಾರಿ ಬಿಟ್ಟಿತು. ಕಾವಲುಗಾರನೇ ಗೇಟು ತೆಗೆದ. ನಮ್ಮಲ್ಲಿಬ್ಬರು ಅತ್ತಿಗೆಯನ್ನು ಎತ್ತಿಕೊಂಡು ನಾದಿನಿಯ ಹಿಂದೆ ಹೋದರು. ಉಳಿದ ನಾವು ಸಾಲು ಬಿಡಲಿಲ್ಲ.

ಮಧ್ಯಾಹ್ನಕ್ಕೆ ಬೇರೆ ಕುರ್ಚಿ ಬಂತು. ಅದಕ್ಕೂ ಕೈ ಇರಲಿಲ್ಲ. ಅತ್ತಿಗೆ ಆಮೇಲೆ ಎದ್ದು ನಿಲ್ಲಲೇ ಇಲ್ಲ. ಇಬ್ಬರ ಪಿಂಚಣಿಯೂ ಐದು ವರ್ಷ ಮುಂದಕ್ಕೆ ಹೋಯಿತು.