ನರ್ಸಮ್ಮನ ಡಬ್ಬಿ ಖಾಲಿಯಾದ ಸಂಜೆ

ಆ ಪುಟ್ಟ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಗಂಡ, ಕಾಜಾ ಹೊಲಿದು ಗುಂಡಿ ಹಚ್ಚುವವಳು ಹೆಂಡತಿ. ಗಿರಾಕಿಗಳಿಗೆಲ್ಲ ಅವಳು ಕಾಜಾ ಅಕ್ಕ. ಒಂದು ದಿನ ಗಂಡ ಅವಳ ಸೊಂಟಕ್ಕೆ ಟೇಪು ಸುತ್ತಿ, "ಅಯ್ಯೋ, ಟೇಪೇ ಸಾಲಲ್ವಲ್ಲೇ!" ಎಂದು ಗಿರಾಕಿಗಳ ಎದುರೇ ನಕ್ಕುಬಿಟ್ಟ. ಅವನಿಗದು ತಮಾಷೆ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೆಯ ದಿನದಿಂದ ತಿಂಡಿ ಬಂದ್. ಬೆಳಿಗ್ಗೆ ಬರೀ ಟೀ, ಮಧ್ಯಾಹ್ನ ಎರಡು ತುತ್ತು. "ಹಸಿವು ಅನ್ನೋದು ನಾಲಿಗೆ ಚಪಲ ಕಣ್ರೀ, ಮನಸ್ಸು ಗಟ್ಟಿ ಮಾಡಿದ್ರೆ ಆಯ್ತು" ಎಂದು ಊರಿಗೆಲ್ಲ ಉಪದೇಶ ಬೇರೆ! ಹೊಟ್ಟೆ ಮಾತ್ರ ತಾಳ ಹಾಕುತ್ತಲೇ ಇತ್ತು.

ಒಂದು ಸಂಜೆ ಪಕ್ಕದ ಬೀದಿಯ ನರ್ಸಮ್ಮ ರಾತ್ರಿ ಪಾಳಿಗೆ ಹೊರಟವಳು ಹೊಸ ಸಮವಸ್ತ್ರ ಹಾಕಿ ನೋಡಲು ಬಂದಳು. ಊಟದ ಡಬ್ಬಿಯನ್ನು ಮೆಷಿನ್ ಪಕ್ಕ ಇಟ್ಟು ಪರದೆಯ ಹಿಂದೆ ಹೋದಳು. ಗಂಡ ದಾರ ತರಲು ಹೋಗಿದ್ದ. ಡಬ್ಬಿ ಘಮ್ ಅನ್ನುತ್ತಿತ್ತು. ಒಂದೇ ತುತ್ತು ಅಂದುಕೊಂಡಳು ಕಾಜಾ ಅಕ್ಕ. ಪರದೆ ಸರಿದಾಗ ಡಬ್ಬಿಯ ತಳ ಕಾಣುತ್ತಿತ್ತು. ಅವಳ ಬಾಯಿ ತುಂಬ ಅನ್ನ, ಕಣ್ಣು ತುಂಬ ನೀರು.

"ಉಗೀಬೇಡ. ನಿಧಾನಕ್ಕೆ ನುಂಗು. ನೀರು ಕುಡಿ," ಎಂದಳು ನರ್ಸಮ್ಮ.

"ನಾನು ಕಳ್ಳಿ ಅಲ್ಲಕ್ಕಾ... ಮಾನ ಹೋಯ್ತು ನಂದು."

"ಏನೂ ಹೋಗಿಲ್ಲ. ಹೊಟ್ಟೆ ಖಾಲಿ ಆದ್ರೆ ಅದು ರಕ್ತಕ್ಕೆ ಒಂದು ರಸ ಬಿಟ್ಟು ಮೆದುಳಿಗೆ ಹೇಳಿ ಕಳಿಸುತ್ತೆ. ನೀನು ಕೇಳಿಸ್ಕೊಳ್ದೇ ಇದ್ರೆ ಅದು ಮತ್ತೆ ಮತ್ತೆ ಕೂಗುತ್ತೆ. ಇದು ಮೈಯ ಕೆಲಸ ಕಣೇ, ಚಪಲ ಅಲ್ಲ."

"ಸುಮ್ನಿರಕ್ಕಾ, ತಿನ್ನೋಕೆ ಕೂತ್ರೆ ನಿಲ್ಲೋದೇ ಇಲ್ಲ. ಇದೇನು ಹೊಟ್ಟೆನೋ ಬಾವಿನೋ!"

"ಗಬಗಬ ತಿಂದ್ರೆ ಎಲ್ಲಿ ನಿಲ್ಲುತ್ತೆ? ಹೊಟ್ಟೆ ಹಿಗ್ಗಬೇಕು, ಊಟ ಕರುಳಿಗೆ ಇಳೀಬೇಕು, ಆಮೇಲೆ ‘ಸಾಕು’ ಅನ್ನೋ ಸುದ್ದಿ ಮೆದುಳಿಗೆ ಮುಟ್ಟಬೇಕು. ಅದಕ್ಕೆ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತೆ. ಅಷ್ಟರಲ್ಲಿ ನನ್ನ ಡಬ್ಬಿನೇ ಮುಗಿಸಿದ್ದೆ ನೀನು! ನಿದ್ದೆ ಕೆಟ್ರೂ ಹಸಿವು ಹೆಚ್ಚುತ್ತೆ, ರಾತ್ರಿ ಪಾಳಿಯವಳು ನಂಗೊತ್ತಿಲ್ವಾ?"

"ನಮ್ಮ ಯಜಮಾನ್ರಿಗೆ ಹೇಳ್ಬೇಡಕ್ಕಾ, ಕೈ ಮುಗೀತೀನಿ."

ನರ್ಸಮ್ಮ ಯಾರಿಗೂ ಹೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಮನೆಯಲ್ಲಿ ಕಾಜಾ ಅಕ್ಕನ ಪುಟ್ಟ ಮಗಳು ತಟ್ಟೆ ಪಕ್ಕಕ್ಕೆ ತಳ್ಳಿದಳು. "ನಂಗೆ ತಿಂಡಿ ಬೇಡ. ಅಮ್ಮನ ಹಾಗೆ ಟೀ ಸಾಕು. ಅಪ್ಪ ನಂಗೂ ಟೇಪು ಸುತ್ತಿದ್ರೆ?"

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಕಾಜಾ ಅಕ್ಕ ತಟ್ಟೆಯನ್ನು ಮತ್ತೆ ಮಗಳ ಮುಂದೆ ಸರಿಸಿದಳು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾದರೂ ಗಂಡನ ಎದುರೇ ಬಾಯಿ ಬಿಟ್ಟಳು: "ನಿನ್ನೆ ನಾನು ನರ್ಸಮ್ಮನ ಊಟ ಕದ್ದು ತಿಂದೆ ಪುಟ್ಟಿ. ತಡ್ಕೊಳ್ಳೋಕೆ ಆಗ್ಲಿಲ್ಲ. ನೀನು ಮಾತ್ರ ಹೀಗೆ ಮಾಡ್ಬೇಡ ಕಣೇ."

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ಕೊರಳಲ್ಲಿದ್ದ ಟೇಪು ತೆಗೆದು ಮೊಳೆಗೆ ಸಿಕ್ಕಿಸಿದ. "ನನ್ನ ಬಾಯಿಗೇ ಒಂದು ಗುಂಡಿ ಹಚ್ಚು ಮಾರಾಯ್ತಿ," ಎಂದು ತಲೆ ತಗ್ಗಿಸಿ ಅವಳಿಗೂ ತಟ್ಟೆ ಇಟ್ಟ. ಮೂವರೂ ಕೂತು ನಿಧಾನವಾಗಿ ತಿಂದರು. ನರ್ಸಮ್ಮನಿಗೂ ಒಂದು ಡಬ್ಬಿ ತುಂಬಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ಹೊತ್ತಿಗೆ ಸರಿಯಾಗಿ ಉಣ್ಣಿ, ಚೆನ್ನಾಗಿ ಅಗಿದು ಉಣ್ಣಿ, ‘ಸಾಕು’ ಅನ್ನುವ ಸುದ್ದಿ ಬರುವಷ್ಟು ಪುರುಸೊತ್ತು ಕೊಡಿ. ಹಸಿವು ಅತಿಯಾದರೆ, ಇಲ್ಲವೇ ಹಸಿವೇ ಆಗದೆ ಹೋದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಇನ್ನೊಬ್ಬರ ತಟ್ಟೆ ನೋಡಿ, ಸೊಂಟ ನೋಡಿ ನಗುವ ಚಾಳಿಯನ್ನು ಇವತ್ತೇ ಬಿಡಿ. ನಿಮ್ಮ ಮನೆಯ ಮಗು ಕೇಳಿಸಿಕೊಳ್ಳುತ್ತಿದೆ.