ಐವತ್ತೆರಡನೆಯ ನಿಮಿಷ

"ಐವತ್ತೆರಡನೆಯ ನಿಮಿಷದಲ್ಲಿ ಸತ್ತವಳು ಉಸಿರಾಡುತ್ತಾಳೆ," ನಿರ್ದೇಶಕ ಫೋನಿನಲ್ಲಿ ಪತ್ರ ಓದುತ್ತಿದ್ದ. "ಕಿಟಕಿಯ ಗಾಜಿನ ಮೇಲೆ ಮೂರು ಬಾರಿ ಹಬೆ ಕಟ್ಟುವುದು ಸ್ಪಷ್ಟವಾಗಿ ಕಾಣುತ್ತದೆ. ಕೇಳಿಸ್ತಾ ಕತ್ತರಿ? ಮೂರು ಸಲ ಅಂತೆ. ಎಣಿಸಿದಾರೆ ಮಹಾನುಭಾವರು."

ಕತ್ತರಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. ಹದಿನಾಲ್ಕು ವರ್ಷದಿಂದ ಯಾರ್ಯಾರದೋ ಮದುವೆಯ ವಿಡಿಯೊ, ಶಾಲೆಗಳ ಜಾಹೀರಾತು ಕತ್ತರಿಸಿ ಜೋಡಿಸುತ್ತ ಬಂದವನಿಗೆ ಆ ಹೆಸರು ಅಂಟಿಕೊಂಡಿತ್ತು. ಸಿನಿಮಾ ಎಂದು ಮಾಡಿದ್ದು ಇದೇ ಮೊದಲು. ಎರಡನೇ ಮಹಡಿಯ ಈ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿದ್ದ. ಹೊರಗೆ ಬೆಳಗೋ ಮಧ್ಯಾಹ್ನವೋ ತಿಳಿಯುತ್ತಿರಲಿಲ್ಲ.

ಪತ್ರ ಚಿತ್ರೋತ್ಸವದ ಆಯ್ಕೆ ಸಮಿತಿಯಿಂದ ಬಂದಿತ್ತು. ಮೊದಲು ಹೊಗಳಿಕೆ. ಈ ಚಿತ್ರದಲ್ಲಿ ಸತ್ತು ಎದ್ದುಬರುವ ಜಾಂಬಿಗಳು ಯಾರನ್ನೂ ಕಚ್ಚುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ. ಬದುಕಿದ್ದಾಗ ಇದ್ದ ಮನೆಯ ಮುಂದೆ ಬಂದು ನಿಂತು ಒಳಗೆ ನೋಡುತ್ತವೆ, ಅಷ್ಟೆ. ಪರದೆ ಎಳೆಯುವುದೋ ಬಿಡುವುದೋ ಎಂಬ ಸಂಕಟ ಒಳಗಿರುವವರದು. ಕಡಿಮೆ ಖರ್ಚಿನಲ್ಲಿ ಇಷ್ಟು ತಾಳ್ಮೆಯ ಚಿತ್ರ ಅಪರೂಪ ಎಂದಿದ್ದರು. ಕಿಟಕಿಯಲ್ಲಿ ನಿಲ್ಲುವ ಹೆಂಗಸಿನ ದೃಶ್ಯವೇ ಇಡೀ ಚಿತ್ರದ ಜೀವ, ಆ ನಟಿ ಯಾರು ಎಂದೂ ಕೇಳಿದ್ದರು. ಆಮೇಲೆ ಶುರುವಾಗಿತ್ತು ತಪ್ಪುಗಳ ಪಟ್ಟಿ. ವಿಜ್ಞಾನಿಯೊಬ್ಬ ಹನ್ನೊಂದು ನಿಮಿಷ ನಿಂತು ಎಲ್ಲವನ್ನೂ ವಿವರಿಸುತ್ತಾನೆ. ಸಂಗೀತ ನೋಡುಗರ ಕೈಹಿಡಿದು ಬಲವಂತವಾಗಿ ಅಳಿಸಲು ನೋಡುತ್ತದೆ. ರಕ್ತ ಗೇಟಿಗೆ ಬಳಿಯುವ ಬಣ್ಣದ ಹಾಗಿದೆ. ನೂರಾರು ಹೆಣಗಳ ಗುಂಪಿನಲ್ಲಿ ಒಂದೇ ಚೌಕುಳಿ ಅಂಗಿ ನಾಲ್ಕು ಸಲ ಹಾದುಹೋಗುತ್ತದೆ.

"ಅದು ನನ್ನದೇ ಅಂಗಿ ಕಣೋ," ನಿರ್ದೇಶಕ ನಕ್ಕ. "ಇರೋರೇ ಹದಿನಾಲ್ಕು ಜನ, ಏನು ಮಾಡೋದು? ಸರಿ, ಇಷ್ಟೆಲ್ಲ ಇದ್ದರೂ ತಗೋತಾರಂತೆ. ಎರಡೇ ಕೆಲಸ. ವಿಜ್ಞಾನಿ ಹೋಗಬೇಕು. ಆ ಪಾತ್ರ ಮಾಡಿರೋದು ನಮ್ಮ ಮಾವ, ಮನೇಲಿ ರಾದ್ಧಾಂತ ಆಗತ್ತೆ, ಆಗಲಿ. ಇನ್ನೊಂದು..." ಅವನು ತಡೆದ. "ಇನ್ನೊಂದು, ಆ ಉಸಿರು. ಶುಕ್ರವಾರದ ಒಳಗೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ಬೇರೆ ಯಾರ ಹತ್ರಾನಾದ್ರೂ ಮಾಡಿಸ್ತೀನಿ."

"ಬೇಡ," ಎಂದ ಕತ್ತರಿ. "ಬೇರೆಯವರು ಮುಟ್ಟೋದು ಬೇಡ."

ಸತ್ತವಳು ಅವನ ಅಕ್ಕ. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಆ ದಿನ ತಮ್ಮನಿಗೋಸ್ಕರ ರಜೆ ಹಾಕಿ ಬಂದಿದ್ದಳು. ಚಳಿಗಾಲದ ಮುಂಜಾನೆ, ತೆಳ್ಳನೆಯ ಸೀರೆ, ಮುಖಕ್ಕೆ ಬೂದುಬಣ್ಣ. ಒಂದು ನಿಮಿಷ ಐವತ್ತು ಸೆಕೆಂಡು ಗಾಜಿಗೆ ಮುಖ ತಾಗಿಸುವಷ್ಟು ಹತ್ತಿರ ನಿಲ್ಲಬೇಕು. "ಸತ್ತೋರಿಗೆ ಚಳಿ ಆಗಲ್ವೇನೋ?" ಎಂದು ಕೇಳಿದ್ದಳು. "ಆಗಲ್ಲ ಅಕ್ಕ." "ನೀನು ಹೋಗಿ ನೋಡ್ಕೊಂಡು ಬಂದಿದೀಯಾ?" ಎಲ್ಲರೂ ನಕ್ಕಿದ್ದರು. ಆಮೇಲೆ ಯಾರೂ ನಗಲಿಲ್ಲ. ಚಿತ್ರೀಕರಿಸಿದ ಆರು ಸಲವೂ ಗಾಜಿನ ಮೇಲೆ ಹಬೆ ಕಟ್ಟಿತು, ಆರು ಸಲವೂ ಮನೆಯೊಳಗಿಂದ "ಅಕ್ಕಾ, ಉಸಿರು ಕಾಣ್ತಿದೆ!" ಎಂದು ಕೂಗಿದ್ದವನು ಅವನೇ. ಏಳನೇ ಸಲವೂ ಕಂಡಿತ್ತು. ಆದರೆ ಬಿಸಿಲು ಏರುತ್ತಿತ್ತು, ಅಕ್ಕನ ತುಟಿ ನಡುಗುತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಚಿತ್ರದಲ್ಲಿ ಉಳಿದದ್ದು ಅದೇ.

ಅದಾಗಿ ಮೂರು ತಿಂಗಳಿಗೆ, ಒಂದು ಮಂಗಳವಾರ, ಗಿರಾಕಿಯೊಬ್ಬರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸರಿಮಾಡುತ್ತಿದ್ದ ಅಕ್ಕ ನಿಂತಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟಲಿಲ್ಲ.

ಅಂದಿನಿಂದ ಅವನು ದಿನಾ ಬಂದು ಕಂಪ್ಯೂಟರ್ ಹಾಕಿದರೆ ಮೊದಲು ನೋಡುತ್ತಿದ್ದುದು ಆ ಉಸಿರನ್ನು. ಅಕ್ಕನ ಫೋಟೊಗಳಿದ್ದವು, ಫೋನಿನಲ್ಲಿ ಅವಳು ಮಾತಾಡಿದ ತುಣುಕುಗಳೂ ಇದ್ದವು. ಅವೆಲ್ಲ ಆಗಿಹೋದವು. ಇದು ಮಾತ್ರ ನೋಡಿದಾಗಲೆಲ್ಲ ಹೊಸದಾಗಿ ಆಗುತ್ತಿತ್ತು. ಗಾಜು ತಿಳಿಯಾಗಿರುತ್ತದೆ, ಆಮೇಲೆ ತುಟಿಯ ಮುಂದೆ ಒಂದು ಬಿಳಿಯ ಕಲೆ ಮೂಡಿ ಅಂಗೈಯಷ್ಟಾಗುತ್ತದೆ, ಅಂಚಿನಿಂದ ಒಳಕ್ಕೆ ಕರಗುತ್ತದೆ.

ಗುರುವಾರ ಬೆಳಿಗ್ಗೆ ಅವನು ಭಾವನಿಗೆ ಫೋನು ಮಾಡಿದ. ಅಳಿಸುವುದು ಬೇಡ ಅನ್ನುವ ಇನ್ನೊಂದು ಬಾಯಿ ಅವನಿಗೆ ಬೇಕಿತ್ತು.

ಲಿಫ್ಟ್ ರಿಪೇರಿ ಕೆಲಸದ ನಡುವಿನಿಂದಲೇ ಭಾವ ಬಂದರು, ಅಂಗೈಯೆಲ್ಲ ಗ್ರೀಸು. "ಏನೋ ಇದು, ಗುಹೇಲಿ ಸಂಸಾರ ಹೂಡಿದೀಯಾ?"

"ಆ ಕುರ್ಚಿ ಬೇಡ ಭಾವ, ಕಾಲು ಮುರಿದಿದೆ. ಇಲ್ಲಿ ಕೂತ್ಕೊಳ್ಳಿ."

ಪರದೆಯ ಮೇಲೆ ಅಕ್ಕ ಬಂದು ಕಿಟಕಿಯ ಆಚೆ ನಿಂತಳು. ಭಾವ ಸ್ವಲ್ಪ ಹೊತ್ತು ನೋಡಿದರು. "ಅಯ್ಯೋ, ಏನು ಬಳಿದಿದೀರೋ ಮುಖಕ್ಕೆ? ನಿಜವಾಗಿ ಹೋದಾಗ ಇದಕ್ಕಿಂತ ಎಷ್ಟೋ ಚೆನ್ನಾಗಿದ್ಲು."

ಇಬ್ಬರೂ ನಕ್ಕರು. ನಗು ಇದ್ದಕ್ಕಿದ್ದ ಹಾಗೆ ಮುಗಿದುಹೋಯಿತು. ಗಾಜಿನ ಮೇಲೆ ಹಬೆ ಕಟ್ಟಿದಾಗ ಭಾವ ಮುಂದೆ ಬಾಗಿ ಕೈ ಚಾಚಿದರು, ಗ್ರೀಸು ನೆನಪಾಗಿ ಹಿಂದೆಳೆದುಕೊಂಡರು.

"ಅದನ್ನ ಅಳಿಸಬೇಕಂತೆ," ಎಂದ ಕತ್ತರಿ. "ಇಲ್ಲದಿದ್ರೆ ಸಿನಿಮಾ ತಗೊಳ್ಳಲ್ಲ. ಹೋದ್ರೆ ಹೋಗಲಿ ಭಾವ. ನೀವೊಂದು ಮಾತು ಬೇಡ ಅಂದ್ಬಿಡಿ, ನಾನು ಅವರಿಗೆ ಹೇಳ್ತೀನಿ."

ಭಾವ ಒರೆಸುವ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

"ನಿನಗೆ ಅವಳು ಹೇಳಿಲ್ಲ ಅಲ್ವಾ? ಶೂಟಿಂಗಿಗೆ ಮುಂಚೆ ಒಂದು ವಾರ ನಮ್ಮನೇಲಿ ಇದೇ ರಂಪ. ಕೆಲಸದಿಂದ ಬಂದವಳೇ ಕನ್ನಡಿ ಮುಂದೆ ಉಸಿರು ಕಟ್ಟಿ ನಿಲ್ಲೋಳು. ನಾನು ಎಣಿಸ್ಬೇಕು. ಇಪ್ಪತ್ತಕ್ಕೆಲ್ಲ ನಗು ಬಂದ್ಬಿಡೋದು. ನೀವು ಬೇಕಂತ್ಲೇ ನಿಧಾನ ಎಣಿಸ್ತೀರಿ ಅಂತ ನನ್ನ ಮೇಲೆ ಜಗಳ. ಕೊನೆಗೂ ನಲವತ್ಮೂರಕ್ಕೆ ಬಂದ್ಲು. ಅದರ ಮೇಲೆ ಆಗಲಿಲ್ಲ."

ಕತ್ತರಿ ಮೌಸಿನ ಮೇಲಿನ ತನ್ನ ಕೈ ನೋಡುತ್ತ ಕೂತ.

"ಶೂಟಿಂಗ್ ಮುಗಿಸಿ ಮನೆಗೆ ಬಂದು ಅವತ್ತು ಊಟಾನೂ ಮಾಡ್ಲಿಲ್ಲ. ತಮ್ಮನ ಸಿನಿಮಾ ಕೆಡಿಸಿಬಿಟ್ಟೆ ಕಣ್ರೀ, ಮೂರು ಸಲ ಬಿಟ್ಟುಬಿಟ್ಟೆ, ಅವನು ನೋಡೀನೂ ಸುಮ್ಮನಾದ ಅಂದ್ಲು." ಭಾವ ಬಟ್ಟೆ ಮಡಿಸಿ ಜೇಬಿಗಿಟ್ಟರು. "ಅಳಿಸು. ನನಗೇನು ಖುಷಿ ಅಂದ್ಕೊಂಡ್ಯಾ? ಅವಳಿಗೆ ಅದೇ ಕೊರಗಾಗಿತ್ತು."

ಕೆಲಸ ಕಷ್ಟದ್ದಲ್ಲ, ಬೇಸರದ್ದು. ವಿಡಿಯೊದಲ್ಲಿ ಹಬೆ ಇಲ್ಲದ ಫ್ರೇಮಿನಿಂದ ಗಾಜಿನ ಒಂದು ತುಂಡು ಎತ್ತಿ ಹಬೆಯ ಮೇಲೆ ಹಾಸಬೇಕು, ಗಲ್ಲ ಮಸುಕಾದಲ್ಲಿ ಕೈಯಾರೆ ತಿದ್ದಬೇಕು, ಮತ್ತೆ ಮುಂದಿನ ಫ್ರೇಮು. ಸೆಕೆಂಡಿಗೆ ಇಪ್ಪತ್ನಾಲ್ಕು. ಮೊದಲನೆಯ ಉಸಿರು ಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಭಾವನಿಗೆ ಎಲ್ಲೋ ಲಿಫ್ಟ್ ನಿಂತಿದೆ ಎಂದು ಕರೆ ಬಂತು. ಬೇರೆಯವರನ್ನು ಕಳಿಸಿ ಎಂದರು. ಎರಡನೆಯದು ಹೋಯಿತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ತಡೆದೂ ತಡೆದೂ ಬಿಟ್ಟದ್ದು. ಅಲ್ಲಿ ಅವನ ಕೈ ನಿಂತಿತು. ಭಾವ ಕುರ್ಚಿಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಕೈ ತಾನಾಗಿ ಕೆಲಸ ಹಿಡಿಯಿತು.

ನಾಲ್ಕೂವರೆಗೆ ಅವನು ಇಡೀ ದೃಶ್ಯವನ್ನು ಮೊದಲಿಂದ ಓಡಿಸಿದ. ಸಮಿತಿಯವರು ಹೇಳಿದ್ದು ಸರಿಯಾಗಿತ್ತು. ಈಗ ಅವಳು ಒಳಗೆ ನೋಡುತ್ತಿದ್ದ ರೀತಿಗೆ ಮೈ ಜುಮ್ಮೆನ್ನುತ್ತಿತ್ತು. ಹದಿನಾಲ್ಕು ವರ್ಷ ಪಳಗಿದ ಕಣ್ಣಿಗೆ ಅದನ್ನು ಇಲ್ಲವೆನ್ನಲು ಆಗಲಿಲ್ಲ.

ಪಕ್ಕದಿಂದ ಪಿಸುದನಿ ಕೇಳಿಸಿತು. ಭಾವ ಮೊಣಕಾಲ ಮೇಲೆ ಕೈಯೂರಿ, ಪರದೆಯಿಂದ ಕಣ್ಣು ಕೀಳದೆ ಎಣಿಸುತ್ತಿದ್ದರು.

"ನಲವತ್ತೊಂದು. ನಲವತ್ತೆರಡು. ನಲವತ್ಮೂರು."

ಅಲ್ಲಿ ದನಿ ಒಂದು ಗಳಿಗೆ ತಡೆಯಿತು. ಅಕ್ಕ ಅಲ್ಲಾಡಲಿಲ್ಲ.

"ನಲವತ್ನಾಲ್ಕು," ಎಂದರು ಭಾವ.

ಅರವತ್ತು ದಾಟಿತು. ಗಾಜು ತಿಳಿಯಾಗಿಯೇ ಇತ್ತು. ಎಪ್ಪತ್ತು, ಎಪ್ಪತ್ತೊಂದು. ಭಾವ ಈಗ ಬೇಕೆಂದೇ ನಿಧಾನವಾಗಿ, ಒಂದೊಂದು ಅಂಕಿಯನ್ನೂ ಎಳೆದು ಎಳೆದು ಎಣಿಸುತ್ತಿದ್ದರು.