ಚಾದರದ ಇನ್ನೊಂದು ತುದಿ

"ಎರಡೂ ತುದಿ ನೀನೇ ಹಿಡ್ಕೊಳ್ಳೋ, ಬೋಳಿಮಗನೆ! ನಿನ್ನೆದುರು ನಿಂತ್ಕೊಳ್ಳೋಕೆ ಇಲ್ಲಿ ಯಾವ ಗಂಡಸಿಗೂ ಇಷ್ಟ ಇಲ್ಲ."

ಮೇಸ್ತ್ರಿಯ ದನಿಗೆ ಬಾಯ್ಲರಿನ ಬುಸುಗುಟ್ಟುವಿಕೆಯೂ ಸಣ್ಣದಾಯಿತು. ಆಸ್ಪತ್ರೆಯ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಗಂಜಿ ಅಂದರೆ ತೊಟ್ಟಿಯಲ್ಲಿ ಕಲಸುವ ಗಂಜಿಯೂ ಹೌದು, ಅದನ್ನು ಕಲಸುವ ಮನುಷ್ಯನೂ ಹೌದು. ನಲವತ್ತು ದಾಟಿದ ಅವನನ್ನು ಸ್ವಂತ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಒಬ್ಬನಿದ್ದ. ಅವನು ಸತ್ತು ಒಂದು ಮಳೆಗಾಲ ಕಳೆದಿದೆ.

ಬೆಳಗ್ಗೆ ಗಂಜಿ ಹಾಕುವ ಕೆಲಸ, ಮಧ್ಯಾಹ್ನದ ಮೇಲೆ ಚಾದರ ಮಡಿಸುವ ಕೆಲಸ. ಮಡಿಸುವುದಕ್ಕೆ ಇಬ್ಬರು ಬೇಕು. ಎದುರುಬದುರು ನಿಂತು ತುದಿಗಳನ್ನು ಹಿಡಿದು ಒಮ್ಮೆ ಫಟ್ಟೆಂದು ಝಾಡಿಸಬೇಕು. ಆಮೇಲೆ ಒಬ್ಬರತ್ತ ಒಬ್ಬರು ನಡೆದು ಬಂದು ಕೈಗೆ ಕೈ ತಾಗಿಸಿ ತುದಿ ಒಪ್ಪಿಸಬೇಕು. ಹತ್ತಿರ ಬರುವುದು, ದೂರ ಹೋಗುವುದು, ಮತ್ತೆ ಹತ್ತಿರ ಬರುವುದು. ದಿನವಿಡೀ ಇದೇ ಕುಣಿತ. ಒಬ್ಬನೇ ಮಡಿಸಲು ಹೋದರೆ ಚಾದರ ನೆಲಕ್ಕೆ ಬೀಳುತ್ತದೆ, ನೆಲ ಮುಟ್ಟಿದ್ದು ಮತ್ತೆ ತೊಟ್ಟಿಗೆ ಹೋಗುತ್ತದೆ, ತೊಟ್ಟಿಗೆ ಹೋದದ್ದಕ್ಕೆಲ್ಲ ಮೇಸ್ತ್ರಿಯ ಬೈಗುಳ ಬೀಳುತ್ತದೆ.

ಎಂಟು ವರ್ಷ ಗಂಜಿಯ ಎದುರು ನಿಂತವನು ಮೀಸೆ. ಎರಡು ಮಕ್ಕಳ ತಂದೆ, ಒಳ್ಳೆಯವನು, ಹೆಂಡತಿಗಿಂತ ಹೆಂಡತಿಯ ಅಣ್ಣಂದಿರಿಗೆ ಹೆದರುವವನು. ಅವತ್ತು ಅವನು ಇಸ್ತ್ರಿ ಮೇಜಿನ ಹಿಂದೆ ಹೋಗಿ, ಇಲ್ಲದ ಕೆಲಸವೊಂದನ್ನು ಹುಡುಕಿಕೊಂಡು ನಿಂತಿದ್ದ.

"ಮೀಸೆ, ಬಾರೋ. ಗಾಡಿ ಬರೋ ಹೊತ್ತಾಯ್ತು," ಎಂದ ಗಂಜಿ.

ಮೀಸೆ ತಲೆಯೆತ್ತಲಿಲ್ಲ. "ನನ್ನ ಹೆಂಡ್ತಿ ಕೇಳ್ತಿದಾಳೆ ಕಣೋ. ಇಷ್ಟು ವರ್ಷ ಅವನ ಕೈ ಹಿಡ್ಕೊಂಡು ನೀನೇನು ಮಾಡ್ತಿದ್ದೆ ಅಂತ. ಏನು ಹೇಳ್ಲಿ?"

"ಚಾದರ ಮಡಿಸ್ತಿದ್ದೆ ಅಂತ ಹೇಳು."

ಇಸ್ತ್ರಿಯವರೆಲ್ಲ ಗೊಳ್ಳೆಂದರು. ಮೀಸೆಯ ಮುಖವೂ ಸ್ವಲ್ಪ ಸಡಿಲವಾಯಿತು, ಮೇಸ್ತ್ರಿ ನೋಡಿದೊಡನೆ ಮತ್ತೆ ಬಿಗಿಯಾಯಿತು.

ಗಂಜಿ ಕಂಬದಲ್ಲಿದ್ದ ಮೊಳೆಗಳಿಗೆ ಎರಡು ತುದಿ ಸಿಕ್ಕಿಸಿ, ಉಳಿದೆರಡು ತುದಿ ತಾನು ಹಿಡಿದು ಮಡಿಸತೊಡಗಿದ. ಮೊಳೆ ಎದುರು ನಡೆದು ಬರುವುದಿಲ್ಲ. ಎಲ್ಲ ಹೆಜ್ಜೆಯನ್ನೂ ತಾನೇ ಹಾಕಬೇಕು.

ಇಷ್ಟಕ್ಕೂ ಅವನು ಮಾಡಿದ್ದೇನು? ರಜೆಯ ದಿನ ಸಂಜೆ ತನ್ನಂಥವರನ್ನೆಲ್ಲ ಒಂದು ಕಡೆ ಸೇರಿಸುತ್ತೇನೆ ಅಂದಿದ್ದ. ಅಷ್ಟೆ.

ಅದಕ್ಕೆ ಕಾರಣ ಆ ಸತ್ತುಹೋದವನು, ಬಸ್ ಕಂಡಕ್ಟರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವನೂ ಗಂಜಿಯೂ ಹನ್ನೊಂದು ವರ್ಷ ಸಂಸಾರ ಮಾಡಿದ್ದರು. ಬಾಡಿಗೆಗೆ ಬಂದ ದಿನವೇ ಬೀದಿಯವರು ಕೇಳಿದರು, ನೀವಿಬ್ಬರೂ ಏನಾಗಬೇಕು? ಕಂಡಕ್ಟರು ಟಿಕೆಟ್ಟು ಹರಿದಷ್ಟು ಸಲೀಸಾಗಿ, "ಇವನು ನನ್ನ ತಮ್ಮ," ಅಂದುಬಿಟ್ಟ. ಅವತ್ತಿನಿಂದ ಅವನು ಅಣ್ಣ, ಇವನು ತಮ್ಮ. ಕೆಳಮನೆಯ ಅಜ್ಜಿ ಕಿತ್ತಾಡುವ ತನ್ನ ಮಕ್ಕಳಿಗೆ, "ಅಣ್ಣತಮ್ಮ ಅಂದ್ರೆ ಮೇಲಿನವರ ಥರ ಇರ್ಬೇಕು, ನೋಡಿ ಕಲೀರಿ," ಅನ್ನುತ್ತಿದ್ದಳು. ಅದನ್ನು ಕೇಳಿಸಿಕೊಂಡು ಇಬ್ಬರೂ ಬಾಗಿಲು ಹಾಕಿಕೊಂಡು, ಬಾಯಿಗೆ ದಿಂಬು ಒತ್ತಿಕೊಂಡು ನಗುತ್ತಿದ್ದರು.

ಕಂಡಕ್ಟರು ಎದೆನೋವೆಂದು ಆಸ್ಪತ್ರೆ ಸೇರಿದಾಗ ವಾರ್ಡಿನ ಬಾಗಿಲಲ್ಲಿ ಕಾವಲುಗಾರ ಕೇಳಿದ, "ಸಂಬಂಧ ಏನು?" ಗಂಜಿ ಅಭ್ಯಾಸಬಲದಿಂದ, "ತಮ್ಮ," ಅಂದ. ಮೊದಲ ದಿನ ನಡೆಯಿತು. ಮಾರನೇ ದಿನ ಊರಿಂದ ಕಂಡಕ್ಟರನ ಒಡಹುಟ್ಟಿದವನು ಬಂದ.

"ನಮ್ಮಮ್ಮನ ಹೊಟ್ಟೇಲಿ ಹುಟ್ಟಿದ ತಮ್ಮ ನಾನೊಬ್ಬನೇ. ಈ ಸೂಳೆಮಗ ಯಾವನು?"

ಕಾವಲುಗಾರ ಗಂಜಿಯ ಕೊರಳಪಟ್ಟಿ ಹಿಡಿದ. ಕಳ್ಳ, ಸುಳ್ಳ, ರೋಗಿಯ ವಾಚಿಗೆ ಹೊಂಚು ಹಾಕಿದವನು, ಏನೇನೋ ಅಂದರು. ನಿಜ ಹೇಳಲು ಗಂಜಿಗೆ ಒಂದು ಗಳಿಗೆ ಇತ್ತು. ನಾಲಿಗೆ ಹೊರಳಲಿಲ್ಲ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗಾಯಿತು. ಬಾಗಿಲು ಹಾಕಿಕೊಂಡಿತು. ಆ ಬಾಗಿಲಿನಾಚೆ ಕಂಡಕ್ಟರು ಯಾರ ಹೆಸರು ಹಿಡಿದು ಕೂಗುತ್ತ ಸತ್ತನೋ ಗಂಜಿಗೆ ಗೊತ್ತಿಲ್ಲ. ಹೆಣ ಊರಿಗೆ ಹೋಯಿತು. ಕೋಣೆಯ ಮಂಚ, ರೇಡಿಯೋ, ಸ್ಟವ್ವು, ಕಂಡಕ್ಟರನ ಖಾಕಿ ಅಂಗಿ ಎಲ್ಲವೂ ಹೋದವು. ಒಗೆದು ತಾರಸಿಯ ಮೇಲೆ ಒಣಹಾಕಿದ್ದ ಅವರಿಬ್ಬರ ಚಾದರವೊಂದು ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಆ ವಾರ ಆಸ್ಪತ್ರೆಯ ಗಾಡಿ ಎಂದಿನಂತೆ ಲಾಂಡ್ರಿಗೆ ಬಂತು. ಆ ವಾರ್ಡಿನ ಚಾದರಗಳೂ ಎಂದಿನಂತೆ ಅವನ ಕೈಗೆ ಬಂದವು. ಯಾವುದು ಕಂಡಕ್ಟರು ಕೊನೆಗೆ ಮಲಗಿದ್ದು? ತಿಳಿಯುವ ದಾರಿಯಿಲ್ಲ. ಗಂಜಿ ಅವತ್ತು ಎಲ್ಲವನ್ನೂ ಒಂದೇ ಅಕ್ಕರೆಯಿಂದ ಹಿಂಡಿದ. ಮೀಸೆ, "ಕಣ್ಣಿಗೆ ಸೋಪು ಹೋಯ್ತೇನೋ?" ಅಂತ ಕೇಳಿದ್ದಕ್ಕೆ ಹೂಂ ಅಂದ.

ಹತ್ತು ಜನ ಇದ್ದಿದ್ದರೆ? ಈ ಪ್ರಶ್ನೆ ಆಮೇಲೆ ಅವನನ್ನು ಬಿಡಲಿಲ್ಲ. ಹತ್ತು ಜನ ಆ ಬಾಗಿಲಲ್ಲಿ ನಿಂತು, ಇವನು ಒಳಗೆ ಹೋಗಬೇಕಾದವನು ಅಂದಿದ್ದರೆ ಕಾವಲುಗಾರ ಹತ್ತು ಕೊರಳಪಟ್ಟಿ ಹಿಡಿಯುತ್ತಿದ್ದನೆ? ಗಂಜಿ ತನಗೆ ಗೊತ್ತಿದ್ದವರ ಬಳಿಗೆಲ್ಲ ಹೋದ. ಹೆಂಗಸರ ಬಟ್ಟೆ ಹೊಲಿಯುವ ಟೈಲರು ಹೊಲಿಗೆಯಂತ್ರ ನಿಲ್ಲಿಸದೆಯೇ ಮಾತು ಕೇಳಿದ. ಬ್ಯಾಂಡಿನಲ್ಲಿ ತುತ್ತೂರಿ ಊದುವವನು, "ಸಂಘದ ಹೆಸರೇನು?" ಅಂತ ವಿಚಾರಿಸಿದ.

"ಹೆಸರು ಆಮೇಲೆ ಇಟ್ಕೊಳ್ಳೋಣ. ಮೊದ್ಲು ಮುಖ ತೋರ್ಸಿ."

ಬರ್ತೀವಿ ಎಂದರು. ಕ್ಷೌರದ ಅಂಗಡಿಯವನು ಹಿಂದಿನ ಕೋಣೆ ಕೊಡುತ್ತೇನೆಂದ. ಅವನು ಕಂಡಕ್ಟರಿಗೆ ವರ್ಷಗಟ್ಟಲೆ ಗಡ್ಡ ಕೆರೆದವನು, ಸಂಗತಿ ಏನೆಂದು ಯಾರೂ ಹೇಳದೆಯೇ ತಿಳಿದವನು. ಆದರೆ ಅವನ ಕತ್ತರಿಗೂ ನಾಲಿಗೆಗೂ ಒಂದೇ ತಿರುಗಣಿ. ಮೇಸ್ತ್ರಿಯ ಬೋಳು ತಲೆಯ ಸುತ್ತಲಿನ ನಾಲ್ಕು ಕೂದಲು ಕತ್ತರಿಸುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದ್ದ. ಊರೆಲ್ಲ ನಗತೊಡಗಿದ ಮೇಲೆ ಕೈ ಹಿಸುಕಿಕೊಂಡ.

"ತಪ್ಪು ತಿಳ್ಕೋಬೇಡಪ್ಪ. ನಾಳೆ ನನ್ನ ಕುರ್ಚಿ ಮೇಲೆ ಯಾರೂ ಕೂರಲ್ಲ. ಕೋಣೆ ಕೊಡೋಕಾಗಲ್ಲ."

"ಮುಂದಿನ ಜಗಲಿ?"

"ಅಂಗಡಿ ಬಾಗಿಲು ಹಾಕಿರ್ತೀನಿ. ಜಗಲಿ ಮೇಲೆ ನಾಯಿ ಮಲಗುತ್ತೆ, ನೀನು ಕೂತ್ಕೊಂಡ್ರೆ ಬೇಡ ಅನ್ನೋಕೆ ನಾನ್ಯಾರು?"

ರಜೆಯ ಹಿಂದಿನ ದಿನ ಧಣಿ ಲಾಂಡ್ರಿಗೆ ಬಂದ. ತೊಟ್ಟ ಬಿಳಿ ಅಂಗಿ ಹಪ್ಪಳದಂತೆ ನಿಂತಿತ್ತು. ಅದಕ್ಕೆ ಗಂಜಿ ಹಾಕಿದವನು ಗಂಜಿಯೇ. ಧಣಿ ಬೈಯುವುದಿಲ್ಲ. ಅವನದು ಮೆತ್ತನೆಯ ಮಾತು.

"ಬಾಪ್ಪ ಇಲ್ಲಿ. ಏನೋ ಸಂಘ ಕಟ್ತಿದೀಯಂತೆ?"

"ಹೌದು ಧಣಿ."

"ನಿನ್ನ ಮನೇಲಿ ನೀನೇನಾದ್ರೂ ಮಾಡ್ಕೊ, ನಾನು ಕೇಳಿದ್ನಾ? ಆದ್ರೆ ಇವು ರೋಗಿಗಳು ಮಲಗೋ ಚಾದರ. ಶುದ್ಧವಾಗಿರಬೇಕು. ಮೇಸ್ತ್ರಿ, ಬಕೆಟ್ಟು ತಾ."

ಮೇಸ್ತ್ರಿ ಬ್ಲೀಚಿಂಗ್ ಪುಡಿ ಕದಡಿದ ಬಕೆಟ್ಟು ತಂದಿಟ್ಟ. ಗಾಢವಾಗಿ ಕದಡಿದ್ದ, ಮೂಗು ಉರಿಯುತ್ತಿತ್ತು. ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ಪಕ್ಕದ ರಾಶಿಯಲ್ಲಿ ಬೆಳಗ್ಗೆ ಬಂದ ಚಾದರಗಳು ರಕ್ತ, ಕೀವು, ವಾಂತಿ ಸಮೇತ ಬಿದ್ದಿದ್ದವು. ಅವನ್ನು ಬರಿಗೈಯಲ್ಲಿ ಬಿಡಿಸುವುದೂ ಗಂಜಿಯ ಕೆಲಸವೇ.

"ಕೈ ಅದ್ದಪ್ಪ. ಇನ್ಮೇಲೆ ದಿನಾ ಬಂದ ಕೂಡ್ಲೆ ಹೀಗೆ ತೊಳ್ಕೊಂಡು ಬಟ್ಟೆ ಮುಟ್ಟು."

ಗಂಜಿ ಮೀಸೆಯನ್ನು ನೋಡಿದ. ಮೀಸೆ ಕಣ್ಣು ಮುಚ್ಚಿಕೊಂಡಿದ್ದ. ಗಂಜಿ ಎರಡೂ ಕೈ ಅದ್ದಿದ. ತೊಟ್ಟಿಯ ಕೆಲಸದಿಂದ ಸೀಳಿದ್ದ ಬೆರಳ ಸಂದಿಗಳಲ್ಲಿ ಬೆಂಕಿ ಹೊಕ್ಕಂತಾಯಿತು. ಅವಮಾನಕ್ಕಿಂತ ಹೆಚ್ಚಾಗಿ, ಎಂಟು ವರ್ಷ ಈ ಕೈಗೆ ತುದಿ ಒಪ್ಪಿಸಿದವನು ಕಣ್ಣು ತೆರೆಯಲಿಲ್ಲವಲ್ಲ ಅನ್ನುವ ಸಂಕಟ ಅವನನ್ನು ಸುಟ್ಟಿತು.

"ನಾಳೆ ಆ ಜಗಲಿ ಮೇಲೆ ಕೂತ್ಯೋ," ಧಣಿ ಅದೇ ಮೆತ್ತನೆಯ ದನಿಯಲ್ಲಿ ಹೇಳಿದ, "ನಾಡಿದ್ದು ಈ ಗೇಟೊಳಗೆ ಕಾಲಿಡಬೇಡ. ಆಯ್ತಾ?"

"ಆಯ್ತು ಧಣಿ."

ಧಣಿ ಅದನ್ನು ಒಪ್ಪಿಗೆ ಎಂದುಕೊಂಡು ಹೊರಟುಹೋದ.

ಮಾರನೇ ಸಂಜೆ ಗಂಜಿ ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಚಾದರ ಹಾಸಿದ. ಕಂಡಕ್ಟರು ಸಂಬಳದ ದಿನ ತಂದದ್ದು, ನೀಲಿ ಅಂಚಿನದು, ಮಧ್ಯದಲ್ಲಿ ಬೀಡಿ ಕಿಡಿ ಬಿದ್ದು ಸುಟ್ಟ ಸಣ್ಣ ತೂತು. ಹತ್ತು ಜನಕ್ಕೆ ಸಾಲುತ್ತದೋ ಇಲ್ಲವೋ ಎಂದು ಒಂದು ಮೂಲೆಯಲ್ಲಿ ಮುದುಡಿ ಕೂತ.

ಟೈಲರು ಸೈಕಲ್ಲಿನಲ್ಲಿ ಆಚೆ ಬದಿಯಿಂದ ಬಂದ. ಇವನನ್ನು ನೋಡಿದ. ಎದುರು ಯಾರೂ ಇರಲಿಲ್ಲ, ಆದರೂ ಗಂಟೆ ಬಾರಿಸಿ ಜೋರಾಗಿ ತುಳಿದುಕೊಂಡು ಹೋದ. ತುತ್ತೂರಿಯವನ ಸುಳಿವಿಲ್ಲ. ಮೇಸ್ತ್ರಿ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಇಬ್ಬರು ಗೆಳೆಯರೊಂದಿಗೆ ಬಂದ.

"ಏನೋ ಅಧ್ಯಕ್ಷ, ಸಭೆ ತುಂಬಿ ತುಳುಕ್ತಿದೆ? ಮಲಗೋಕೆ ಚಾದರ ಬೇರೆ ಹಾಸಿದೀಯ!"

"ಜಾಗ ಇದೆ, ಕೂತ್ಕೊ ಬಾ ಮೇಸ್ತ್ರಿ."

ಗೆಳೆಯರು ಮೇಸ್ತ್ರಿಯನ್ನೇ ನೋಡಿ ನಕ್ಕರು. ಮೇಸ್ತ್ರಿ ಥೂ ಎಂದು ಉಗಿದ, ಅದು ಚಾದರದ ಅಂಚಿಗೆ ಬಿತ್ತು. ಗಂಜಿ ಅಂಗಿಯ ತುದಿಯಿಂದ ಒರೆಸಿದ. ಅವರು ಬೇಸರ ಬಂದು ಹೋದರು. ಬೀದಿಯಲ್ಲಿ ಬಿಸಿಲು ಇಳಿಯಿತು. ಲೋಕದಲ್ಲಿ ಇಷ್ಟು ಜನರಿದ್ದೂ ಒಂದು ಚಾದರ ತುಂಬುವುದಿಲ್ಲವಲ್ಲ ಎಂದು ಅವನಿಗೆ ಅಳು ಬಂತು. ಕೆಲಸ ಹೋಯಿತು, ಜನ ಬರಲಿಲ್ಲ. ಎದ್ದು ಚಾದರ ಎತ್ತಿಕೊಂಡ. ಒಬ್ಬನೇ ಹೇಗೋ ಮುದ್ದೆ ಮಾಡಿ ಮಡಿಸುತ್ತಿದ್ದಾಗ ಆಟೋವೊಂದು ಬಂದು ನಿಂತಿತು.

ಓಡಿಸುತ್ತಿದ್ದವಳು ಹೆಂಗಸು, ಗಂಡಸರ ಅಂಗಿ ತೊಟ್ಟವಳು. ಇಳಿಯದೆಯೇ ಕೇಳಿದಳು, "ಅಣ್ಣ, ಸಂಘ ಇಲ್ಲೇನಾ?"

"ಇಲ್ಲೇ. ನಾನೊಬ್ಬನೇ ಇದೀನಿ. ನಿಂಗ್ಯಾರು ಹೇಳಿದ್ರು?"

"ನಿಮ್ಮ ಮೇಸ್ತ್ರಿಯಂತೆ, ಬೋಳುತಲೆ. ಮೊನ್ನೆ ನನ್ನ ಆಟೋದಲ್ಲಿ ಕೂತು ಹೊಟ್ಟೆ ಹಿಡ್ಕೊಂಡು ನಗಾಡ್ತಿದ್ದ. ಜಾಗ, ಹೊತ್ತು ಎಲ್ಲ ಅವನೇ ಹೇಳಿದ್ದು." ಅವಳು ಹ್ಯಾಂಡಲಿನ ಮೇಲೆ ಮುಂದಕ್ಕೆ ಬಾಗಿದಳು. "ನಮ್ಮವಳು ನಿನ್ನೆಯಿಂದ ಆಸ್ಪತ್ರೇಲಿದಾಳೆ ಅಣ್ಣ. ಜ್ವರ ತಲೆಗೇರಿದೆ. ಬಾಗಿಲಲ್ಲಿ ಸಂಬಂಧ ಏನು ಅಂದ್ರು. ಅಕ್ಕ ಅಂದೆ. ಸರಿ ಅಂತ ಬಿಟ್ರು. ಇವತ್ತು ಅವಳ ಅತ್ತಿಗೆ ಬಂದ್ಲು..."

"ಅಕ್ಕ ಯಾರೂ ಇಲ್ಲ ಅಂದ್ಲು," ಗಂಜಿ ಮುಗಿಸಿದ.

ಅವಳು ಬೆರಗಾಗಿ ನೋಡಿದಳು. ಗಂಜಿ ಚಾದರದ ಮುದ್ದೆಯೊಂದಿಗೆ ಆಟೋ ಹತ್ತಿದ.

"ನಡಿ ತಂಗಿ. ಹತ್ತು ಜನ ಇಲ್ಲ. ಇಬ್ಬರಿದೀವಿ."

ಗಂಡಸರ ವಾರ್ಡಿಗೂ ಹೆಂಗಸರ ವಾರ್ಡಿಗೂ ಒಂದೇ ಬಾಗಿಲು. ಅದೇ ಸ್ಟೂಲು, ಅದೇ ಕಾವಲುಗಾರ. ಗಂಜಿಯ ಗುರುತು ಹಿಡಿದು ಹಲ್ಲು ಕಿರಿದ.

"ಬಂದ್ಯಾ ಕಳ್ಳ? ಇವತ್ತು ಯಾರ ತಮ್ಮ ನೀನು?"

ಗಂಜಿ ಚಾದರದ ಮುದ್ದೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಹಿಂದೆ ಫ್ಲಾಸ್ಕು, ಬುತ್ತಿ ಹಿಡಿದ ಜನ ಒಳಗೆ ಬಿಡುವುದನ್ನು ಕಾಯುತ್ತ ನಿಂತಿದ್ದರು.

"ಯಾರ ತಮ್ಮನೂ ಅಲ್ಲ," ಎಂದ. "ಅವತ್ತು ಒಳಗೆ ಸತ್ತನಲ್ಲ ಕಂಡಕ್ಟರು, ಅವನು ನನ್ನ ಮನೆಯವನು. ಹನ್ನೊಂದು ವರ್ಷದ ಸಂಸಾರ ನಮ್ದು. ಅವತ್ತು ಬಾಯಿ ಬರ್ಲಿಲ್ಲ, ಇವತ್ತು ಹೇಳ್ತಿದೀನಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಟೋದವಳು ಮುಂದೆ ಬಂದಳು.

"ಒಳಗಿರೋಳು ನನ್ನ ಮನೆಯವಳು. ಅಕ್ಕ ಅಲ್ಲ, ತಂಗಿ ಅಲ್ಲ. ಬಾಗಿಲು ಬಿಡು."

"ಥೂ, ನಾಚಿಕೆಗೆಟ್ಟವ್ರೆ! ರೋಗಿಗಳಿರೋ ಜಾಗ ಇದು. ಪೊಲೀಸ್ರನ್ನ ಕರೀತೀನಿ." ಕಾವಲುಗಾರ ಒಳಗೆ ಹೋದ. ಚಿಲಕ ಬಿದ್ದ ಸದ್ದು ಕೇಳಿತು.

ಗಂಜಿ ಚಾದರ ಬಿಚ್ಚಿದ. ಕೇಳುವ ಮೊದಲೇ ಆಟೋದವಳು ಎದುರಿಗೆ ಹೋಗಿ ಇನ್ನೊಂದು ತುದಿ ಹಿಡಿದಳು. ಅವಳಿಗೆ ಝಾಡಿಸಲು ಬರುತ್ತಿರಲಿಲ್ಲ, ಚಾದರ ವಾರೆಯಾಯಿತು. "ಕೈ ಎತ್ತರ ಹಿಡಿ," ಎಂದ ಗಂಜಿ. ಎರಡನೆಯ ಸಲ ಅದು ಫಟ್ಟೆಂದಿತು. ಬಾಗಿಲಿಗೆ ಅಡ್ಡಲಾಗಿ ಹಾಸಿ ಇಬ್ಬರೂ ಕೂತರು. ಬುತ್ತಿ ಹಿಡಿದವರಲ್ಲಿ ಕೆಲವರು ಬೈದರು, ಕೆಲವರು ಗೋಡೆಗೆ ಒತ್ತಿಕೊಂಡು ನಿಂತರು.

ಆಟೋದವಳು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದಳು, "ಲೇ, ನಾನು ಇಲ್ಲೇ ಇದೀನಿ ಕಣೇ! ಹೊರಗೇ ಇದೀನಿ!"

ಒಳಗಿನಿಂದ ಉತ್ತರ ಬರಲಿಲ್ಲ. ಅವಳು ಮತ್ತೆ ಕೂಗಲು ಉಸಿರೆಳೆದುಕೊಂಡಳು. ಗಂಜಿ ಅವಳ ಪಕ್ಕಕ್ಕೆ ಸರಿದು, ಬ್ಲೀಚಿಂಗಿಗೆ ಸುಲಿದ ಕೈಯಿಂದ ಬಾಗಿಲು ಬಡಿಯುತ್ತ ತಾನೂ ಕೂಗಿದ.

"ನಾವು ಇಲ್ಲೇ ಇದೀವಿ!"